ಹನ್ನೆರಡು ಪದ ಕಳೆದ್ರ ಗಂಟು ಗೋವಿಂದ!

ಯಾದಗಿರಿ: ಮುತ್ಯಾ ನೆಲದಾಗ ಗಡಿಗಿ ಹುಗಿದ, ಯಾರಿಗೂ ಹೇಳಲಿಲ್ಲ, ಕಣ್ಣು ಮುಚ್ಚಿದ. ಮಕ್ಕಳು ಗೋಡೆ ಕೆಡವಿದ್ದೇ ಬಂತು. ಸುರಪುರ, ಶಹಾಪುರದ ಹಳೇ ವಾಡೆಗಳ ಸುತ್ತ ಇಂಥ ಕತೆಗಳಿಗೇನು ಬರ!

ಈಗಿನ ಗಡಿಗಿಯ ಹೆಸರು ಬಿಟ್‌ಕಾಯಿನ್. ದುಡಿಯಲು ಬೆಂಗಳೂರು, ಪುಣೆಗೆ ಹೋದ ಹುಡುಗರ ಫೋನಿನಲ್ಲಿ ಕೂತು ಅದು ಊರಿಗೂ ಬರುತ್ತಿದೆ. 2024ರ ಜುಲೈನಲ್ಲಿ ವಜೀರ್‌ಎಕ್ಸ್ ಎಂಬ ವಿನಿಮಯ ಕೇಂದ್ರದಿಂದ ಸುಮಾರು 2,000 ಕೋಟಿ ರೂಪಾಯಿ ಬೆಲೆಯ ನಾಣ್ಯ ಕಳುವಾಯಿತು. ‘ಮಂದಿ ಕೈಯಾಗ ಬ್ಯಾಡ, ನಮ್ಮ ಹಂತ್ಯಾಕ ಇರಲಿ’ ಎನ್ನುವವರಿಗೆ ಇರುವ ದಾರಿ ಸ್ವಂತ ವ್ಯಾಲೆಟ್.

ಅದನ್ನು ತೆರೆದಾಗ 12 ಅಥವಾ 24 ಇಂಗ್ಲಿಷ್ ಪದಗಳು ಬರುತ್ತವೆ. 2,048 ಪದಗಳ ಪಟ್ಟಿಯಿಂದ ಯಂತ್ರವೇ ಆರಿಸಿದವು. ಈ ಪದ್ಧತಿ ಬಂದದ್ದು 2013ರಲ್ಲಿ. ಪಟ್ಟಿ ಜಪಾನಿ, ಕೊರಿಯನ್ ಭಾಷೆಗಳಲ್ಲೂ ಉಂಟು, ಕನ್ನಡದಲ್ಲಿಲ್ಲ. ಆದ್ದರಿಂದ ಇಂಗ್ಲಿಷ್ ಕಾಗುಣಿತದಲ್ಲೇ, ಅಂಕಿ ಹಾಕಿ, ಬಂದ ಕ್ರಮದಲ್ಲೇ ಬರೆದಿಡಬೇಕು. ಫೋನು ಭೀಮಾ ಹೊಳಿಗೆ ಬಿದ್ದರೂ ಹೊಸ ಫೋನಿಗೆ ಆ ಪದ ಕೊಟ್ಟರೆ ರೊಕ್ಕ ಹಾಜರ್. ಪದಗಳೇ ಹೋದರೆ? ತಹಶೀಲ್ದಾರ ಕಚೇರಿಯಲ್ಲಿ ನಕಲು ಕೇಳಲು ಇದೇನು ಪಹಣಿಯೇ!

ಬ್ರಿಟನ್ನಿನ ಜೇಮ್ಸ್ ಹೊವೆಲ್ಸ್‌ನನ್ನು ನೋಡಿ. ಸುಮಾರು 8,000 ಬಿಟ್‌ಕಾಯಿನ್ನಿನ ಕೀಲಿ ಇದ್ದ ಹಾರ್ಡ್‌ಡಿಸ್ಕ್ 2013ರಲ್ಲಿ ಕಸದ ಜತೆ ತಿಪ್ಪೆ ಸೇರಿತು. ತಿಪ್ಪೆ ಕೆದರಲು ಬಿಡಿ ಎಂದು ಕೋರ್ಟಿಗೆ ಹೋದ. 2025ರ ಜನವರಿಯಲ್ಲಿ ದಾವೆ ವಜಾ!

ನಮ್ಮ ಹುಡುಗರು ಮಾಡುವ ಮೊದಲ ಕೆಲಸ ಫೋಟೋ ಹೊಡೆಯುವುದು. ಆ ಫೋಟೋ ತಾನಾಗಿ ಗೂಗಲ್ ಖಾತೆಗೆ ಏರಬಹುದು, ರಿಪೇರಿ ಅಂಗಡಿಯವನ ಕಣ್ಣಿಗೂ ಬೀಳಬಹುದು. ವಾಟ್ಸಾಪೂ ಬೇಡ. ಝರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಕೈಯಿಂದ ಕಾಗದದ ಮೇಲೆ ಬರೆಯಿರಿ. ಕಾಗದಕ್ಕೆ ಗೆದ್ದಲು, ಸೋರುವ ಮಾಳಿಗೆ, ಬೆಂಕಿಯ ಭಯವಿದ್ದರೆ ಸ್ಟೀಲ್ ತಗಡಿನ ಮೇಲೆ ಅಕ್ಷರದ ಪಂಚಿನಿಂದ ಬಡಿದಿಡಬಹುದು. ಹೊಡೆಯುವ ಕೈ ನಿಮ್ಮದೇ ಇರಲಿ. ಜಾತ್ರೆಯಲ್ಲಿ ತಾಟಿಗೆ ಹೆಸರು ಕೊರೆಯುವವನಿಗೆ ಕೊಟ್ಟೀರಿ, ಜೋಕೆ!

ಎರಡು ಪ್ರತಿ, ಎರಡು ಊರು. ಒಂದು ಯಾದಗಿರಿಯ ಮನೆಯಲ್ಲಿ, ಇನ್ನೊಂದು ಸುರಪುರದ ನಂಬಿಗಸ್ಥರ ಟಿಜೋರಿಯಲ್ಲಿ ಇದ್ದರೆ ಆದೀತು. ಅರ್ಧ ಪದ ಅಲ್ಲಿ, ಅರ್ಧ ಇಲ್ಲಿ ಎಂಬ ಜಾಣತನ ಮಾಡಿದರೆ ಒಂದು ಕಳೆದರೂ ಎರಡೂ ಕಳೆದಂತೆ. ದೊಡ್ಡ ಮೊತ್ತ ಹಾಕುವ ಮೊದಲು ಸಣ್ಣ ರೊಕ್ಕ ಹಾಕಿ, ವ್ಯಾಲೆಟ್ ಅಳಿಸಿ, ಬರೆದಿಟ್ಟ ಪದಗಳಿಂದಲೇ ತೆರೆದು ನೋಡಬೇಕು. ಈ ಪರೀಕ್ಷೆಗೇ ಹೆಚ್ಚಿನವರಿಗೆ ಬೇಸರ.

ಮನೆಯವರಿಗೆ ತಗಡು ಎಲ್ಲಿದೆ, ಏನದು ಎಂಬುದು ತಿಳಿದಿರಲಿ. ಇಲ್ಲದಿದ್ದರೆ ಒಂದು ದಿನ ‘ಇದೇನ ತಗಡವಾ, ಒಯ್ಯಪಾ’ ಎಂದು ಮೋಡ್ಕಾದವನಿಗೆ ಹಾಕಿ ಅರ್ಧ ಕಿಲೋ ಉಳ್ಳಾಗಡ್ಡಿ ತಗೊಂಡಾರು! 2022ರ ಏಪ್ರಿಲ್‌ನಿಂದ ಲಾಭದ ಮೇಲೆ ಶೇ. 30 ತೆರಿಗೆ ಹಾಕಿರುವ ಸರ್ಕಾರ, ಕಳೆದ ಪದ ಹುಡುಕಿಕೊಡುವುದಿಲ್ಲ.

‘ನಿಮ್ಮ ವ್ಯಾಲೆಟ್ ಬಂದ್ ಆಗ್ತದ್ರಿ, ಹನ್ನೆರಡು ಪದ ಹೇಳ್ರಿ’ ಎಂದು ಫೋನ್ ಬಂದರೆ ಅವನು ಕಳ್ಳನೇ. ಬಾಯಿ ತಪ್ಪಿ ಹೇಳಿದ್ದರೆ ತಡಮಾಡದೆ ಹೊಸ ಪದಗಳ ಹೊಸ ವ್ಯಾಲೆಟ್ ತೆರೆದು ಎಲ್ಲವನ್ನೂ ಅದಕ್ಕೆ ಸಾಗಿಸಬೇಕು. 1930ಕ್ಕೆ ಫೋನ್ ಮಾಡುವುದು ಆಮೇಲೆ.