ಹಿಮಕುಸಿತ

ಬಯಲುಸೀಮೆಯಲ್ಲಿ ಬೆಳೆದವರಿಗೆ ಹಿಮವೆಂದರೆ ಅರಳೆಯಂತೆ ಮೃದುವಾದ, ನಿರಪಾಯಕಾರಿಯಾದ ವಸ್ತು. ಹಿಮಾಲಯದ ಇಳಿಜಾರುಗಳಲ್ಲಿ ನಡೆಯುವವರು ಅದನ್ನು ಹಾಗೆ ಭಾವಿಸುವಂತಿಲ್ಲ.

ಚಳಿಗಾಲದುದ್ದಕ್ಕೂ ಬೀಳುವ ಹಿಮವು ಪರ್ವತದ ಮೇಲೆ ಪದರಪದರವಾಗಿ ಕೂಡುತ್ತದೆ. ಕೆಲವು ಪದರಗಳು ಒತ್ತಿಕೊಂಡು ಗಟ್ಟಿಯಾಗುತ್ತವೆ. ಕೆಲವು ಸಕ್ಕರೆಯ ಹರಳುಗಳಂತೆ ಬಿಡಿಬಿಡಿಯಾಗಿ ಉಳಿಯುತ್ತವೆ. ಇಂತಹ ದುರ್ಬಲ ಪದರದ ಮೇಲೆ ಗಟ್ಟಿಯಾದ ಹಾಸು ಕುಳಿತಾಗ ಅಪಾಯವು ಹುಟ್ಟುತ್ತದೆ. ದುರ್ಬಲ ಪದರವು ಒಂದೆಡೆ ಮುರಿದರೆ ಸಾಕು, ಬಿರುಕು ಕ್ಷಣಾರ್ಧದಲ್ಲಿ ಹಬ್ಬಿ ಇಡೀ ಹಾಸು ಕಳಚಿ ಜಾರುತ್ತದೆ. ಇದೇ ಹಿಮಕುಸಿತ.

ಇಂತಹ ಕುಸಿತಗಳು ಹೆಚ್ಚಾಗಿ 30ರಿಂದ 45 ಡಿಗ್ರಿಗಳ ಇಳಿಜಾರಿನಲ್ಲಿ ಸಂಭವಿಸುತ್ತವೆ. ಅದಕ್ಕಿಂತ ಕಡಿದಾದ ಕಡೆ ಹಿಮವು ಹೆಚ್ಚು ನಿಲ್ಲದೆ ಆಗಾಗ ಉದುರಿಹೋಗುತ್ತದೆ. ಗಾಳಿಯು ಒಂದು ಮಗ್ಗುಲಿನ ಹಿಮವನ್ನು ಹೊತ್ತು ಮರೆಯ ಮಗ್ಗುಲಿನಲ್ಲಿ ರಾಶಿ ಹಾಕುತ್ತದೆ. ಭಾರಿ ಹಿಮ ಸುರಿದ ಮರುದಿನ ಆಕಾಶವು ತಿಳಿಯಾಗಿದ್ದರೂ ಅಪಾಯ ಕಳೆದಿರುವುದಿಲ್ಲ. ಬಿಸಿಲು ಏಕಾಏಕಿ ಏರಿದರೂ ಹಾಸು ಸಡಿಲವಾಗುತ್ತದೆ. ಗಮನಿಸಬೇಕಾದ ಸಂಗತಿಯೆಂದರೆ, ಚಾರಣಿಗರು ಸಿಲುಕುವ ಕುಸಿತಗಳಲ್ಲಿ ಹೆಚ್ಚಿನವು ಅವರ ಅಥವಾ ಅವರ ಜೊತೆಗಾರರ ಭಾರದಿಂದಲೇ ಆರಂಭವಾಗುತ್ತವೆ.

ಪರ್ವತವು ಮುನ್ಸೂಚನೆಗಳನ್ನೂ ಕೊಡುವುದುಂಟು. ಹೆಜ್ಜೆಯಿಟ್ಟಾಗ ಹಿಮದೊಳಗಿಂದ 'ಧುಮ್' ಎಂಬ ಮಂದಧ್ವನಿ ಕೇಳುವುದು, ಪಾದದ ಬಳಿಯಿಂದ ಬಿರುಕು ಹರಿಯುವುದು, ಸಮೀಪದಲ್ಲಿ ಹೊಸ ಕುಸಿತ ಕಾಣುವುದು – ಇವುಗಳಲ್ಲಿ ಒಂದು ಕಂಡರೂ ಹಿಂದಿರುಗುವುದೇ ವಿವೇಕ. ಅನುಭವಿಗಳು ಹೊರಡುವ ಮುನ್ನ ಹಿಮಕುಸಿತದ ಮುನ್ನೆಚ್ಚರಿಕೆಯನ್ನು ತಿಳಿದುಕೊಳ್ಳುತ್ತಾರೆ. ಸಂಶಯದ ಇಳಿಜಾರನ್ನು ತಪ್ಪಿಸಿ ಸುತ್ತಿ ಹೋಗುತ್ತಾರೆ. ದಾಟಲೇಬೇಕಾದರೆ ಒಬ್ಬೊಬ್ಬರಾಗಿ ದಾಟುತ್ತಾರೆ. ಸಂಕೇತ ಹೊಮ್ಮಿಸುವ ಯಂತ್ರ, ಹಿಮವನ್ನು ಚುಚ್ಚಿ ನೋಡುವ ಉದ್ದ ಕೋಲು, ಸಲಿಕೆ – ಈ ಮೂರೂ ಪ್ರತಿಯೊಬ್ಬರ ಬಳಿಯೂ ಇರುತ್ತವೆ. ಏಕೆಂದರೆ ಹೂತುಹೋದವನು ಬದುಕುವ ಸಂಭವ ಮೊದಲ ಹತ್ತು ಹದಿನೈದು ನಿಮಿಷಗಳಲ್ಲಿಯೇ ಹೆಚ್ಚು. ಅನಂತರ ಉಸಿರುಕಟ್ಟಿ ಅದು ವೇಗವಾಗಿ ಕುಗ್ಗುತ್ತದೆ. ದೂರದ ನೆರವು ಬರುವವರೆಗೆ ಕಾಯುವಂತಿಲ್ಲ, ಜೊತೆಗಾರರೇ ರಕ್ಷಕರು.

2016ರ ಫೆಬ್ರವರಿ 3ರಂದು ಸಿಯಾಚಿನ್ ಹಿಮನದಿಯ ಸುಮಾರು 19,600 ಅಡಿ ಎತ್ತರದ ಠಾಣೆಯೊಂದು ಹಿಮದಡಿ ಹೂತುಹೋಯಿತು. ಅಲ್ಲಿದ್ದ ಹತ್ತು ಮಂದಿ ಯೋಧರಲ್ಲಿ ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದರೂ ಒಬ್ಬರು. ಆರನೆಯ ದಿನ ರಕ್ಷಕರು ಹಿಮವನ್ನು ಕೊರೆದು ನೋಡಿದಾಗ ಅವರು ಇನ್ನೂ ಉಸಿರಾಡುತ್ತಿದ್ದರು! ನಾಡೆಲ್ಲ ಅವರ ಉಳಿವಿಗಾಗಿ ಹಾರೈಸಿತು. ಆದರೆ ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು. ಉಳಿದ ಒಂಬತ್ತು ಮಂದಿಯೂ ಮರಳಿ ಬರಲಿಲ್ಲ.

ಕರ್ತವ್ಯದಲ್ಲಿರುವ ಯೋಧನು ತನ್ನ ಠಾಣೆಯನ್ನು ಬಿಟ್ಟು ಕದಲುವಂತಿಲ್ಲ. ಆದರೆ ಸಂತೋಷಕ್ಕಾಗಿ ಪರ್ವತವೇರುವವನಿಗೆ ಹಿಂದಿರುಗುವ ಸ್ವಾತಂತ್ರ್ಯವಿದೆ. ಶಿಖರವು ಮುಂದಿನ ವರ್ಷವೂ ಅಲ್ಲಿಯೇ ಇರುತ್ತದೆ. ಅದನ್ನು ಏರಲು ಮನುಷ್ಯನು ಉಳಿದಿರಬೇಕು.