ಅತಿದೀರ್ಘ ಹೆಸರಿನ ಗಣಕ ಕಡತಗಳು: ಅವುಗಳ ನಿವಾರಣಕ್ರಮ

ಹಸ್ತಪ್ರತಿಗಳ ಛಾಯಾಚಿತ್ರಗಳನ್ನು ಗಣಕಯಂತ್ರದಲ್ಲಿ ಸಂಗ್ರಹಿಸುವಾಗ ಕೃತಿ, ಕರ್ತೃ, ಲಿಪಿಕಾರ, ಭಂಡಾರ, ಗರಿಯ ಸಂಖ್ಯೆ ಇವೆಲ್ಲವನ್ನೂ ಕಡತದ ಹೆಸರಿನಲ್ಲಿಯೇ ಅಡಕಗೊಳಿಸುವುದು ಸೂಚೀಕಾರರ ಸಹಜ ಪ್ರವೃತ್ತಿ. ಇದರಿಂದ ಕೆಲವು ಕಡತಗಳು ತೆರೆಯಲೂ ಅಳಿಸಲೂ ಬಾರದ ಸ್ಥಿತಿಗೆ ಬರುವುದುಂಟು. ಹೆಸರು ಅತಿ ದೀರ್ಘವೆಂದು ವಿಂಡೋಸ್ ವ್ಯವಸ್ಥೆಯು ಆಜ್ಞೆಯನ್ನು ನಿರಾಕರಿಸುತ್ತದೆ. ಇದನ್ನು ಡಿಸ್ಕಿನ ದೋಷವೆಂದು ಬಗೆದು ಡಿಸ್ಕನ್ನೇ ಫಾರ್ಮ್ಯಾಟ್ ಮಾಡಿಸುವುದು ಅನರ್ಥಕಾರಿ. ಬೇರೆಡೆ ಪ್ರತಿಯಿಲ್ಲದ ಚಿತ್ರಗಳೂ ಅದರೊಡನೆ ನಷ್ಟವಾಗುತ್ತವೆ.

ಇಲ್ಲಿ ಮುಖ್ಯವಾಗಿ ಗಮನಿಸತಕ್ಕುದು ಹೆಸರಿನ ಉದ್ದವನ್ನಲ್ಲ, ಮಾರ್ಗದ ಉದ್ದವನ್ನು. ಒಂದು ಹೆಸರು 255 ಸಂಕೇತಗಳವರೆಗೆ ಇರಬಹುದಾದರೂ, ಡ್ರೈವಿನ ಅಕ್ಷರ, ಒಂದರೊಳಗೊಂದಿರುವ ಫೋಲ್ಡರುಗಳ ಹೆಸರುಗಳು, ನಡುವಿನ ಓರೆಗೀಟುಗಳು, ಕೊನೆಯ ಶೂನ್ಯಸಂಕೇತ ಇವೆಲ್ಲ ಸೇರಿ 260ನ್ನು ಮೀರಬಾರದೆಂಬುದು ಹಳೆಯ ನಿಯಮ. ಮೇಲಿನ ಫೋಲ್ಡರಿಗೆ ದೀರ್ಘವಾದ ಹೊಸ ಹೆಸರಿಟ್ಟಾಗ, ಒಳಗಿನ ಕಡತಗಳು ತಮ್ಮ ಹೆಸರು ಬದಲಾಗದೆಯೇ ಈ ಮಿತಿಯನ್ನು ದಾಟಿಬಿಡುತ್ತವೆ.

ಕನ್ನಡದ ಹೆಸರುಗಳಿಗೆ ಈ ಮಿತಿ ಇನ್ನೂ ಇಕ್ಕಟ್ಟಾದುದು. 'ತತ್ತ್ವಾರ್ಥಸೂತ್ರ' ಎಂಬುದು ಪಂಡಿತರ ಗಣನೆಯಲ್ಲಿ ಐದು ಅಕ್ಷರ. ಯಂತ್ರವಾದರೋ ವ್ಯಂಜನ, ವಿರಾಮ, ಸ್ವರಚಿಹ್ನೆಗಳನ್ನು ಬಿಡಿಬಿಡಿಯಾಗಿ ಎಣಿಸಿ 15 ಎನ್ನುತ್ತದೆ. ಲಿನಕ್ಸ್ ಯಂತ್ರಗಳ ಎಕ್ಸ್ಟ್4 ವ್ಯವಸ್ಥೆಯಲ್ಲಿ ಒಂದು ಹೆಸರಿಗೆ 255 ಬೈಟುಗಳ ಮಿತಿಯಿದ್ದು, ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟು ತಗಲುವುದರಿಂದ 85 ಸಂಕೇತಗಳಿಗೇ ಅವಕಾಶ ಮುಗಿಯುತ್ತದೆ.

ನಿವಾರಣೆಗೆ ಅತ್ಯಂತ ಸುಲಭವಾದ ಉಪಾಯವೆಂದರೆ ಹಟಮಾರಿ ಕಡತವನ್ನು ಮುಟ್ಟದೆ, ಮೇಲಿನ ಫೋಲ್ಡರುಗಳಿಗೆ ಒಂದೊಂದೇ ಅಕ್ಷರದ ಹೆಸರಿಡುವುದು. ಮಾರ್ಗವು ಕುಗ್ಗಿದೊಡನೆ ಕಡತವು ಸಾಮಾನ್ಯವಾಗಿ ತೆರೆಯುತ್ತದೆ, ಅಳಿಯುತ್ತದೆ. ಮೇಲಿನ ಹೆಸರುಗಳನ್ನು ಬದಲಿಸುವಂತಿಲ್ಲದಿದ್ದರೆ 'ಸಬ್ಸ್ಟ್' ಆಜ್ಞೆಯಿಂದ ನಡುವಿನ ಒಂದು ಫೋಲ್ಡರಿಗೆ ತಾತ್ಕಾಲಿಕವಾಗಿ ಡ್ರೈವಿನ ಅಕ್ಷರವನ್ನು ಕೊಡಬಹುದು; ಆಗ ಎಣಿಕೆ ಅಲ್ಲಿಂದ ಮೊದಲಾಗುತ್ತದೆ. ಮೂರನೆಯದು, ಆಜ್ಞಾಕಿಟಕಿಯಲ್ಲಿ 'ಡೆಲ್' ಆಜ್ಞೆಯ ಮುಂದೆ ಪೂರ್ಣಮಾರ್ಗವನ್ನು \\?\ ಎಂಬ ಚಿಹ್ನೆಗಳಿಂದ ಆರಂಭಿಸಿ ಬರೆಯುವುದು. ಈ ಉಪಸರ್ಗವಿದ್ದಲ್ಲಿ ಮಿತಿಯು ಸುಮಾರು 32,767ಕ್ಕೆ ಏರುತ್ತದೆ. ಹೆಸರಿನ ಕೊನೆಯಲ್ಲಿ ಚುಕ್ಕೆ ಅಥವಾ ಖಾಲಿ ಸ್ಥಳವಿರುವ ಕಾರಣ ಅಳಿಯದ ಕಡತಗಳಿಗೂ ಇದೇ ಮದ್ದು. 2016ರಲ್ಲಿ ವಿಂಡೋಸ್ 10ರಲ್ಲಿ 260ರ ಮಿತಿಯನ್ನು ಸಡಿಲಿಸುವ ಏರ್ಪಾಡು ಬಂದಿತಾದರೂ, ಅದನ್ನು ಒಪ್ಪುವಂತೆ ರಚಿತವಾದ ತಂತ್ರಾಂಶಗಳಿಗೆ ಮಾತ್ರ ಅದರ ಪ್ರಯೋಜನ.

ಖಾಲಿ ಫೋಲ್ಡರೊಂದನ್ನು 'ರೋಬೋಕಾಪಿ'ಯ ಪ್ರತಿಬಿಂಬ ವಿಧಾನದಿಂದ ತುಂಬಿದ ಫೋಲ್ಡರಿನ ಮೇಲೆ ನಕಲಿಸಿ ಅದನ್ನು ಬರಿದಾಗಿಸುವ ಕ್ರಮವನ್ನು ಅನೇಕರು ಮೊದಲೇ ಸೂಚಿಸುತ್ತಾರೆ. ಅದು ಶಕ್ತವಾದುದು ನಿಜ. ಆದರೆ ಕಡತಗಳು ಕಸದ ಬುಟ್ಟಿಗೂ ಹೋಗದೆ ಒಮ್ಮೆಲೇ ಅಳಿಯುವುದರಿಂದ ಅದು ಕಡೆಯ ಉಪಾಯವಾಗತಕ್ಕದ್ದು. ಅದಕ್ಕೆ ಮುನ್ನ ಮೊದಲ ಉಪಾಯದಿಂದ ಮಾರ್ಗವನ್ನು ಕುಗ್ಗಿಸಿ, ಒಳಗಿನ ಚಿತ್ರಗಳನ್ನು ತೆರೆದು, ಪ್ರತಿಯೊಂದು ಗರಿಯ ಎರಡೂ ಪಾರ್ಶ್ವಗಳು ಬೇರೊಂದು ಡಿಸ್ಕಿನಲ್ಲಿ ಇವೆಯೇ ಎಂದು ಸೂಚಿಯೊಡನೆ ತಾಳೆ ನೋಡಬೇಕು.