ಬಿದನೂರಿನ ಕೋಟೆ

ಮಾಸ್ತಿಕಟ್ಟೆಯಿಂದ ಪಶ್ಚಿಮಕ್ಕೆ ಹೊರಟವನು ಘಟ್ಟವಿಳಿದು ಹೊಸಂಗಡಿಯನ್ನು ಸೇರುವನು. ಒಳನಾಡಿನ ಕಡೆಗೆ ತಿರುಗಿದವನಿಗೆ ನಗರದ ಕೋಟೆಯು ದೊರೆಯುವುದು. ಆ ಊರಿನ ಏಳುಬೀಳುಗಳ ಕಾರಣವೆಲ್ಲವೂ ಇದರಲ್ಲಿಯೇ ಅಡಗಿದೆ. ಕಡಲ ಕರೆಯಿಂದ ಮೇಲೇರುವ ಉಪ್ಪೂ, ಮಲೆನಾಡಿನಿಂದ ಇಳಿಯುವ ಮೆಣಸು ಅಕ್ಕಿ ಅಡಕೆಗಳೂ ಘಟ್ಟದ ಬಾಯನ್ನು ಹಾಯಲೇಬೇಕಾಗಿದ್ದಿತು. ಆ ಬಾಯನ್ನು ಕಾಯ್ದವನೇ ದೊರೆ.

ಮೊದಲು ಇದು ಬಿದರಹಳ್ಳಿಯೆಂಬ ಸಣ್ಣ ಊರು. 1637ರಲ್ಲಿ ಬಿಜಾಪುರದ ಸೈನ್ಯವು ಇಕ್ಕೇರಿಯನ್ನು ಹಾಳುಗೆಡಹಲು, ಕೆಳದಿಯ ವೀರಭದ್ರನಾಯಕನು ಆ ಬಳಿಕ ರಾಜಧಾನಿಯನ್ನು ಈ ಕಾಡಿನ ಮರೆಗೆ ತಂದನು. ಊರು ಬಿದನೂರಾಯಿತು, ಪಂಡಿತರು ವೇಣುಪುರವೆಂದರು. ಸಂಸ್ಕೃತ ಓದಿದ ನನಗೆ ಎರಡನೆಯದು ಕಿವಿಗಿಂಪೇ ಸರಿ. ಆದರೆ ಬಿದಿರುಮೆಳೆಯ ತಂಪು ಮೊದಲನೆಯದರಲ್ಲಿಯೇ ಇರುವುದು. ಟಂಕಸಾಲೆಯೂ ಇಲ್ಲಿಗೆ ಬಂದಿತು. ಹಾಗಾದರೂ ನಾಣ್ಯವು ಇಕ್ಕೇರಿಯ ವರಹವಾಗಿಯೇ ಉಳಿಯಿತು. ವರ್ತಕರು ಹಳೆಯ ಹೆಸರನ್ನು ಸುಲಭವಾಗಿ ಬಿಡುವವರಲ್ಲ!

1645ರಿಂದ 1660ರ ವರೆಗೆ ಆಳಿದ ಶಿವಪ್ಪನಾಯಕನ ಕಾಲದಲ್ಲಿ ಊರು ವಿಶೇಷವಾಗಿ ಬೆಳೆಯಿತು. ಒಂದು ಲಕ್ಷ ಮನೆಗಳಾದರೆ 'ನಗರ'ವೆಂಬ ಬಿರುದು ಸಲ್ಲುವುದೆಂದು ಕಾದಿದ್ದರೆಂಬ ಐತಿಹ್ಯವುಂಟು. ಲೆಕ್ಕದಲ್ಲಿ ಕೊಟ್ಟಿಗೆಗಳೂ ಸೇರಿದ್ದುವೋ ಏನೋ! ಆದರೆ ಅವನ ಇನ್ನೊಂದು ಲೆಕ್ಕವು ನಗುವಂಥದಲ್ಲ. ಪ್ರತಿಯೊಂದು ಗ್ರಾಮದಲ್ಲಿಯೂ ಒಂದೊಂದು ಬಗೆಯ ನೆಲದ ಒಂದೊಂದು ಹೊಲವನ್ನು ಹನ್ನೆರಡು ವರ್ಷಗಳ ಕಾಲ ಸರಕಾರದ ವತಿಯಿಂದಲೇ ಉತ್ತು ಬಿತ್ತಿಸಿ, ಬೀಜವೆಷ್ಟು, ಖರ್ಚೆಷ್ಟು, ಫಸಲೆಷ್ಟು, ಅದರ ಬೆಲೆಯೆಷ್ಟು ಎಂದು ಬರೆಯಿಸಿದನೆಂದು ಹೇಳುವರು. ಅದರ ಸರಾಸರಿಯ ಮೇಲೆ ಕಂದಾಯವು ನಿಂತಿತು. ಇದೇ 'ಶಿವಪ್ಪನಾಯಕನ ಶಿಸ್ತು'. ಮಳೆ ಕೈಕೊಟ್ಟ ವರ್ಷವೂ ಮಳೆ ಒಲಿದ ವರ್ಷವೂ ಆ ಲೆಕ್ಕದೊಳಗೆ ಬಂದುವಾದುದರಿಂದ, ತೆರುವವನಿಗೆ ತನ್ನ ಪಾಲು ಮೊದಲೇ ತಿಳಿದಿರುತ್ತಿದ್ದಿತು. ಕೋಟೆಯ ಕಲ್ಲಿಗಿಂತ ಈ ಕಡತವೇ ದೊಡ್ಡ ಕಟ್ಟಡವೆಂದು ನನ್ನ ಮತ.

ಚೆನ್ನಮ್ಮಾಜಿಯು 1689ರಲ್ಲಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತು ಮೊಗಲರ ಕೋಪಕ್ಕೆ ಗುರಿಯಾದುದನ್ನು ವಾಚಕರು ಬಲ್ಲರು. 1763ರಲ್ಲಿ ಹೈದರಾಲಿಯು ಗುಪ್ತವಾದ ಕಾಡುದಾರಿಯೊಂದನ್ನರಿತು ಒಳಹೊಕ್ಕನು. ರಾಣಿ ವೀರಮ್ಮಾಜಿಯು ಅರಮನೆಗೆ ಬೆಂಕಿಯಿಡಲು ಆಜ್ಞಾಪಿಸಿ ಬಲ್ಲಾಳರಾಯನದುರ್ಗಕ್ಕೆ ಓಡಿದಳು. ಸೆರೆಸಿಕ್ಕಿ ಮಧುಗಿರಿಗೆ ಹೋದಳು. ಅಗಳಿಗಿಂತ ಬಲವಾಗಿದ್ದ ಕಾಡು ಒಬ್ಬನ ಬಾಯಿಂದ ಹೊರಟ ಮಾತಿಗೆ ಸೋತಿತು. ಊರು ಹೈದರನಗರವಾಯಿತು. 1783ರಲ್ಲಿ ಇಂಗ್ಲಿಷರ ಜನರಲ್ ಮ್ಯಾಥ್ಯೂಸನು ಹೊಸಂಗಡಿಯ ಘಟ್ಟವೇರಿ ಕೋಟೆಯನ್ನು ಹಿಡಿಯಲು, ಅದೇ ವರ್ಷ ಟಿಪ್ಪುವು ಮರಳಿ ಗೆದ್ದುಕೊಂಡನು. ಈ ಕೈಬದಲುಗಳಲ್ಲಿ ಊರು ಬಹಳವಾಗಿ ಸೊರಗಿತು. 1893ರಲ್ಲಿ ತಾಲ್ಲೂಕು ಕಚೇರಿಯೂ ಕಲ್ಲೂರುಕಟ್ಟೆಗೆ ಹೋಗಿ, ಆ ಊರೇ ಹೊಸನಗರವೆನಿಸಿತು. ಲಕ್ಷ ಮನೆಗಳ ಕನಸು ಕಂಡ ಊರಿಗೆ ಬರಿಯ 'ನಗರ'ವೆಂಬ ಹೆಸರೊಂದು ಉಳಿಯಿತು.

ಮಕ್ಕಳನ್ನು ಕರೆದುಕೊಂಡು ಹೋಗುವ ಗೃಹಸ್ಥರು ಮಳೆಗಾಲ ಕಳೆದ ಮೇಲೆ ಹೋಗತಕ್ಕದ್ದು. ಪಾಚಿಗಟ್ಟಿದ ಮೆಟ್ಟಿಲು ಜಾರುವುದು. ಹೆಬ್ಬಾಗಿಲು, ಬುರುಜು, ದರ್ಬಾರಿನ ಜಗಲಿ, ಅಕ್ಕತಂಗಿಯರ ಕೊಳ ಇವುಗಳನ್ನು ತೋರಿಸಬಹುದು. ಗೋಡೆಯ ಮೇಲೆ ಹೆಸರು ಗೀಚಗೊಡಬಾರದು. ಅಲ್ಲಿಂದ ತುಸು ದೂರದಲ್ಲಿ ದೇವಗಂಗೆಯ ಕೊಳಗಳಿವೆ. ಅರಸು ಮನೆತನದವರ ಜಲಕ್ರೀಡೆಗೆಂದು ಕಟ್ಟಿದ ಆ ಕೊಳಗಳಲ್ಲಿ ನೀರು ಒಂದರಿಂದೊಂದಕ್ಕೆ ಇಂದಿಗೂ ಹರಿಯುತ್ತಿರುವುದು.